ಪಿಎಚ್‌ಡಿ ಕೊಡುವ ಮೊದಲು ಪೇಪರ್ ಕೇಳಬೇಕೇ?

ಇಂಜಿನಿಯರಿಂಗ್ ಇರಲಿ, ಬೆಳೆ ವಿಜ್ಞಾನ ಇರಲಿ, ಮಾರ್ಕೆಟಿಂಗ್ ಇರಲಿ, ಪಿಎಚ್‌ಡಿ ಮಾಡುವವರು ಎದುರಾದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಪೇಪರ್ ಆಯ್ತಾ?" ಥೀಸಿಸ್ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಒಂದು ಪೇಪರ್, ಅಂದರೆ ಸಂಶೋಧನಾ ಲೇಖನ, ಬಂದಿರಬೇಕು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. 2016ರಲ್ಲಿ ಅದರ ಜೊತೆಗೆ ಸಮ್ಮೇಳನಗಳಲ್ಲಿ ಎರಡು ಮಂಡನೆಯೂ ಸೇರಿತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ ಈ ಕಡ್ಡಾಯ ಇಲ್ಲ. ಆದರೆ ವಿಶ್ವವಿದ್ಯಾಲಯಗಳು ಬೇಕಿದ್ದರೆ ತಮ್ಮ ನಿಯಮ ಇಟ್ಟುಕೊಳ್ಳಬಹುದು. ಎಷ್ಟೋ ಕಡೆ ಹಳೆಯ ಪದ್ಧತಿಯೇ ನಡೆಯುತ್ತಿದೆ.

ಹಾಗಾದರೆ ಕಡ್ಡಾಯ ಇರಬೇಕೇ, ಬೇಡವೇ? ಒಬ್ಬರು ಸಿವಿಲ್ ಇಂಜಿನಿಯರಿಂಗ್ ಗೈಡ್, ಇನ್ನೊಬ್ಬರು ರಾಗಿ ಬೆಳೆಯ ಸಂಶೋಧನೆಯಲ್ಲಿ ಇರುವವರು. ಇಬ್ಬರ ಮಾತೂ ಇಲ್ಲಿದೆ.

ಪರ: ಪರಿಚಯ ಇಲ್ಲದವರೂ ಒಮ್ಮೆ ಓದಲಿ

ಒಳ್ಳೆಯ ಜರ್ನಲ್‌ನಲ್ಲಿ ಒಂದು ಪೇಪರ್ ಬರದೆ ಥೀಸಿಸ್ ತೆಗೆದುಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಐದಾರು ಕೇಳಬೇಡಿ, ಒಂದು ಸಾಕು. ಆದರೆ ಆ ಒಂದನ್ನು ಬಿಟ್ಟುಕೊಡಬೇಡಿ.

ಒಂದು ಥೀಸಿಸ್ ಅನ್ನು ಮೊದಲಿಂದ ಕೊನೆವರೆಗೆ ಓದುವವರು ಎಷ್ಟು ಜನ? ಬರೆದವರು, ಗೈಡ್, ಇಬ್ಬರು ಹೊರಗಿನ ಪರೀಕ್ಷಕರು. ಆ ಪರೀಕ್ಷಕರ ಹೆಸರುಗಳ ಪಟ್ಟಿ ಕಳಿಸಿಕೊಡುವವರು ಸಾಮಾನ್ಯವಾಗಿ ಗೈಡೇ. ಪಟ್ಟಿಯಲ್ಲಿ ಇರುವವರು ಸಮ್ಮೇಳನಗಳಲ್ಲಿ ಜೊತೆಗೆ ಕೂತು ಊಟ ಮಾಡಿದವರು. ನಾಳೆ ಅವರ ವಿದ್ಯಾರ್ಥಿಯ ಥೀಸಿಸ್ ನಮ್ಮ ಮೇಜಿಗೆ ಬರುತ್ತದೆ. ಎಲ್ಲರೂ ಕೆಟ್ಟವರು ಅಂತಲ್ಲ. ಆದರೆ ಮುಲಾಜು ಅನ್ನೋದು ಇದ್ದೇ ಇರುತ್ತದೆ. ಆ ಮುಲಾಜಿಲ್ಲದ ಒಬ್ಬ ಮನುಷ್ಯ ಈ ಕೆಲಸವನ್ನು ಓದಿ "ಇದು ಸರಿ ಇಲ್ಲ" ಎಂದು ಹೇಳುವ ಅವಕಾಶ ಎಲ್ಲಾದರೂ ಒಂದು ಕಡೆ ಇರಬೇಕು. ಅದು ಇರುವುದು ಜರ್ನಲ್‌ನಲ್ಲಿ.

ನಮ್ಮ ಸಿವಿಲ್ ವಿಭಾಗದ್ದೇ ಒಂದು ಉದಾಹರಣೆ ನೋಡಿ. ಕಾಂಕ್ರೀಟ್‌ನಲ್ಲಿ ಸಿಮೆಂಟ್ ಒಂದಷ್ಟು ಕಡಿಮೆ ಮಾಡಿ ಹಾರುಬೂದಿ ಹಾಕುವ ವಿಷಯವನ್ನು ಬಹಳ ವಿದ್ಯಾರ್ಥಿಗಳು ತೆಗೆದುಕೊಳ್ಳುತ್ತಾರೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಬೂದಿ ಇದು. 15 ಸೆಂಟಿಮೀಟರ್ ಕ್ಯೂಬುಗಳನ್ನು ಹೊಯ್ದು, ನೀರಿನ ತೊಟ್ಟಿಯಲ್ಲಿ ಕ್ಯೂರಿಂಗ್‌ಗೆ ಇಟ್ಟು, 7ನೇ ದಿನ ಮತ್ತು 28ನೇ ದಿನ ಮೆಷಿನ್‌ಗೆ ಕೊಟ್ಟು ಒಡೆಯುವುದು ರೂಢಿ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಬೂದಿ ಜಾಸ್ತಿಯಾದಷ್ಟೂ ಬಲ ಕಡಿಮೆ ಎಂದು ಬರೆಯುತ್ತಾರೆ. ಕಾಲೇಜಿನ ಸೆಮಿನಾರ್‌ನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಪೇಪರ್ ಕಳಿಸಿದಾಗ, ಅದನ್ನು ಓದಿ ನೋಡಲು ಜರ್ನಲ್ ನೇಮಿಸಿದ, ನಮಗೆ ಹೆಸರೂ ಗೊತ್ತಿಲ್ಲದ ವಿಮರ್ಶಕರು ಒಂದೇ ಸಾಲಿನಲ್ಲಿ ಕೇಳುತ್ತಾರೆ: "56 ಮತ್ತು 90 ದಿನದ ಅಂಕಿ ಎಲ್ಲಿ?"

ಆ ಪ್ರಶ್ನೆಯಲ್ಲಿ ಇಡೀ ವಿಷಯ ಇದೆ. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಸುಣ್ಣದ ಅಂಶ ಬಿಡುಗಡೆಯಾಗುತ್ತದೆ. ಹಾರುಬೂದಿ ಕೆಲಸ ಶುರು ಮಾಡುವುದು ಆ ಸುಣ್ಣ ಸಿಕ್ಕ ಮೇಲೆ, ಅದೂ ನಿಧಾನವಾಗಿ. 28 ದಿನಕ್ಕೆ ಹಿಂದೆ ಬಿದ್ದ ಮಿಶ್ರಣ 90 ದಿನಕ್ಕೆ ಸಮ ಬರಬಹುದು, ಮುಂದೆಯೂ ಹೋಗಬಹುದು. ಅಂದರೆ ವಿದ್ಯಾರ್ಥಿಯ ತೀರ್ಮಾನವೇ ತಿರುಗಿ ಬೀಳಬಹುದು. ಈ ಒಂದು ಪ್ರಶ್ನೆ ಕೇಳಿಸಿಕೊಂಡ ವಿದ್ಯಾರ್ಥಿ ಮುಂದೆ ಜೀವನಪೂರ್ತಿ 28 ದಿನದ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಇದನ್ನು ತರಗತಿಯಲ್ಲಿ ನಾನು ಹತ್ತು ಸಲ ಹೇಳಿದ್ದಕ್ಕೂ, ಪೇಪರ್ ವಾಪಸ್ ಬಂದಾಗ ತಟ್ಟುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ವಿಮರ್ಶಕರೂ ತಪ್ಪು ಬಿಡುತ್ತಾರೆ ಎನ್ನುವುದು ನಿಜ. ಅದಕ್ಕೇ ಪ್ರಕಟಣೆ ಇನ್ನೂ ಮುಖ್ಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವ್ಯಾನ್‌ಸಿಂಕ್ ಗ್ರಾಹಕರ ಊಟದ ನಡವಳಿಕೆ ಅಧ್ಯಯನ ಮಾಡುವ ಮಾರ್ಕೆಟಿಂಗ್ ಪ್ರೊಫೆಸರ್ ಆಗಿದ್ದರು. ತಟ್ಟೆ ದೊಡ್ಡದಾದರೆ ಜನ ಜಾಸ್ತಿ ತಿನ್ನುತ್ತಾರೆ ಎಂಬಂಥ ಸಂಶೋಧನೆಗಳಿಂದ ಲೋಕಪ್ರಸಿದ್ಧರಾಗಿದ್ದವರು. ಅವರ ತಂಡ ಪಿಜ್ಜಾ ಬಫೆಯ ಒಂದೇ ಮಾಹಿತಿಯಿಂದ ನಾಲ್ಕು ಪೇಪರ್ ತೆಗೆದಿತ್ತು. ಕಾರ್ನೆಲ್‌ಗೆ ಸಂಬಂಧವೇ ಇಲ್ಲದ ಮೂವರು ಸಂಶೋಧಕರು ಅವನ್ನು ಓದಿ, ಸುಮಾರು 150 ಕಡೆ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ತೋರಿಸಿದರು.

ಅವರ ಹತ್ತಿರ ಮೂಲ ಮಾಹಿತಿ ಇರಲಿಲ್ಲ. ಇದ್ದದ್ದು ಪೇಪರಿನಲ್ಲಿ ಅಚ್ಚಾದ ಸರಾಸರಿಗಳು ಮಾತ್ರ. ಆದರೂ ಹೇಗೆ ಹಿಡಿದರು ಗೊತ್ತಾ? ಹತ್ತು ಜನಕ್ಕೆ 1ರಿಂದ 5ರವರೆಗೆ ಪೂರ್ಣ ಅಂಕ ಕೊಡಿ ಎಂದು ಕೇಳಿದ್ದೇವೆ ಅಂತಿಟ್ಟುಕೊಳ್ಳಿ. ಸರಾಸರಿ 3.4 ಬರಬಹುದು, 3.5 ಬರಬಹುದು. 3.45 ಬರಲು ಸಾಧ್ಯವೇ ಇಲ್ಲ. ಒಟ್ಟು ಅಂಕ ಪೂರ್ಣ ಸಂಖ್ಯೆ, ಅದನ್ನು ಹತ್ತರಿಂದ ಭಾಗಿಸಿದರೆ ಎರಡನೇ ದಶಮಾಂಶ ಎಲ್ಲಿಂದ ಬಂತು? ಇಷ್ಟು ಸರಳ ಲೆಕ್ಕ. 2018ರ ಸೆಪ್ಟೆಂಬರ್‌ನಲ್ಲಿ ಜಾಮಾ ಸಮೂಹದ ವೈದ್ಯಕೀಯ ಪತ್ರಿಕೆಗಳು ವ್ಯಾನ್‌ಸಿಂಕ್ ಅವರ ಆರು ಪೇಪರುಗಳನ್ನು ಒಂದೇ ದಿನ ಹಿಂದಕ್ಕೆ ಪಡೆದವು. ವಿಶ್ವವಿದ್ಯಾಲಯದ ತನಿಖೆ ಅವರ ಕಡೆಯಿಂದ ಅಕ್ರಮ ನಡೆದಿದೆ ಎಂದಿತು, ಅವರು ರಾಜೀನಾಮೆ ಕೊಟ್ಟರು. ಆ ಅಂಕಿಗಳು ಯಾವುದೋ ಲೈಬ್ರರಿಯ ಕಪಾಟಿನಲ್ಲಿ ಥೀಸಿಸ್ ಆಗಿ ಮಲಗಿದ್ದರೆ ಯಾರಿಗೆ ಸಿಗುತ್ತಿತ್ತು?

ಇನ್ನೊಂದು ಮಾತು, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ದೊಡ್ಡ ಸಂಸ್ಥೆಯಲ್ಲಿ ಓದಿದವರಿಗೆ ಸಂಸ್ಥೆಯ ಹೆಸರೇ ಸಾಕು. ಗೈಡ್ ಒಂದು ಫೋನ್ ಮಾಡಿದರೆ ಕೆಲಸ ಆಗುತ್ತದೆ. ಕಲಬುರಗಿಯದೋ ಹಾವೇರಿಯದೋ ಸಣ್ಣ ಕಾಲೇಜಿನಲ್ಲಿ ಕೂತು ಸಂಶೋಧನೆ ಮಾಡುವ ಹುಡುಗಿಗೆ ಏನಿದೆ? ಅವಳ ಗೈಡ್ ಹೆಸರು ಯಾರಿಗೂ ಗೊತ್ತಿಲ್ಲ. ಅವಳ ಲ್ಯಾಬ್ ಹಳೆಯದು. ಆದರೆ ಅವಳ ಪೇಪರ್ ಒಳ್ಳೆಯ ಜರ್ನಲ್‌ನಲ್ಲಿ ಬಂದರೆ, ಸಂದರ್ಶನದಲ್ಲಿ ಕೂತವರು ಅವಳ ಊರು ಕೇಳುವ ಮೊದಲು ಕೆಲಸ ನೋಡಬೇಕಾಗುತ್ತದೆ. ಕಡ್ಡಾಯ ಇದ್ದಾಗ ಅವಳ ಗೈಡ್ ಕೂಡ ಬರೆಯಲು ಕೂರುತ್ತಾರೆ, ತಿದ್ದುತ್ತಾರೆ. ಇಲ್ಲದಿದ್ದರೆ "ಥೀಸಿಸ್ ಮುಗಿಸಮ್ಮ ಮೊದಲು, ಪೇಪರ್ ಆಮೇಲೆ ನೋಡೋಣ" ಎನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಪದವಿ ಸಿಕ್ಕಿ, ಕೆಲಸ ಸಿಕ್ಕಿ, ಮದುವೆಯಾಗಿ, ಆ ಅಂಕಿಗಳೆಲ್ಲ ಪೆನ್‌ಡ್ರೈವ್‌ನಲ್ಲೇ ಉಳಿಯುತ್ತವೆ.

ಕೆಟ್ಟ ಜರ್ನಲ್‌ಗಳ ಕಾಟ ಇದೆ. ಇದೆ, ಒಪ್ಪಿದೆ. ಆದರೆ ಕೆಟ್ಟ ಜರ್ನಲ್ ಇದ್ದರೆ ಒಳ್ಳೆಯದನ್ನು ಗುರುತಿಸಲು ಕಲಿಸಬೇಕು. ಪ್ರತಿ ವಿಭಾಗ ತನ್ನ ಕ್ಷೇತ್ರದ ಇಪ್ಪತ್ತು, ಮೂವತ್ತು ನಂಬುವಂಥ ಜರ್ನಲ್‌ಗಳ ಪಟ್ಟಿ ಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಓದಲು ಸಿಗುವುದಿಲ್ಲ ಎಂಬ ನೆಪವೂ ಈಗ ಕಡಿಮೆಯಾಗಿದೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 2025ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಓದಲು ಜನರ ದುಡ್ಡು ಖರ್ಚು ಮಾಡಿ, ಬರೆಯುವುದು ನಿಮ್ಮ ಇಷ್ಟ ಅಂದರೆ ಹೇಗೆ?

ಕಾಲಾವಕಾಶ ಸಾಲದು ಎನ್ನುವವರಿಗೆ ಗಡುವು ವಿಸ್ತರಿಸಿ ಕೊಡಿ. ವಿಮರ್ಶೆ ತಡವಾಗಿದ್ದರೆ, ಸ್ವೀಕಾರವಾಗಿದೆ ಎಂಬ ಪತ್ರ ತೋರಿಸಿದರೂ ಸಾಕು ಎನ್ನಿ. ಬಾಗಿಲು ದೊಡ್ಡದು ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸಾರ್ವಜನಿಕರ ಹಣದಲ್ಲಿ, ನಾಲ್ಕೈದು ವರ್ಷ ಮಾಡಿದ ಕೆಲಸವನ್ನು ಪರಿಚಯವಿಲ್ಲದ ಒಬ್ಬರಾದರೂ ಓದಿ ಪ್ರಶ್ನೆ ಕೇಳದೆ ಡಾಕ್ಟರ್ ಎಂಬ ಹೆಸರು ಕೊಡುವುದನ್ನು ನನಗೆ ಒಪ್ಪಲು ಆಗುವುದಿಲ್ಲ.

ವಿರೋಧ: ಕಡ್ಡಾಯ ಮಾಡಿದ ಕೂಡಲೇ ಅಂಗಡಿ ತೆರೆಯಿತು

ಪರಿಚಯವಿಲ್ಲದವರು ಓದಬೇಕು ಎಂಬ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನನ್ನ ತಕರಾರು ಇರುವುದು ಕಡ್ಡಾಯದ ಬಗ್ಗೆ. ನಾನು ರಾಗಿ ತಾಕುಗಳಲ್ಲಿ ಕೆಲಸ ಮಾಡುವವಳು. ಅಲ್ಲಿಂದಲೇ ಶುರು ಮಾಡುತ್ತೇನೆ.

ಮಳೆ ನೋಡಿಕೊಂಡು ಜುಲೈನಲ್ಲಿ ಬಿತ್ತನೆ. ಪ್ರತಿ ತಳಿಗೂ ಮೂರು ರೆಪ್ಲಿಕೇಶನ್, ಅಂದರೆ ಒಂದೇ ತಳಿಯನ್ನು ಮೂರು ಬೇರೆ ತಾಕುಗಳಲ್ಲಿ ಹಾಕಬೇಕು. ತಾಕಿನ ಅಂಚಿನ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಯಾಕೆಂದರೆ ಅಂಚಿನ ಗಿಡಕ್ಕೆ ಬಿಸಿಲೂ ಜಾಗವೂ ಜಾಸ್ತಿ ಸಿಕ್ಕಿ ಅದು ಸುಳ್ಳು ಇಳುವರಿ ತೋರಿಸುತ್ತದೆ. ಒಳಗಿನ ಗಿಡಗಳಿಗೆ ಚೀಟಿ ಕಟ್ಟಬೇಕು. ಬುಡದಿಂದ ಒಡೆದ ತೆಂಡೆ ಎಣಿಸಬೇಕು. ತೆನೆ ಬಂದ ಮೇಲೆ ಇಲುಕು, ಅಂದರೆ ತೆನೆಯ ಬೆರಳು, ಎಣಿಸಬೇಕು. ಬೆಂಕಿ ರೋಗ ಎಲೆಗೆ ಎಷ್ಟು, ತೆನೆಯ ಕುತ್ತಿಗೆಗೆ ಎಷ್ಟು ಎಂದು ಬೇರೆ ಬೇರೆ ಅಂಕ ಹಾಕಬೇಕು. ಕೊಯ್ಲಾಗಿ ಒಣಗಿದ ಮೇಲೆ ಸಾವಿರ ಕಾಳು ಎಣಿಸಿ ತೂಗಬೇಕು. ಇಷ್ಟಾದರೆ ಡಿಸೆಂಬರ್ ಹೊತ್ತಿಗೆ ಒಂದು ಹಂಗಾಮಿನ ಅಂಕಿ ಕೈಗೆ ಬರುತ್ತದೆ. ಒಂದು ಹಂಗಾಮಿನ ಅಂಕಿ ನಂಬಿ ರೈತರಿಗೆ ಏನನ್ನೂ ಹೇಳುವಂತಿಲ್ಲ. ಕಡಿಮೆ ಅಂದರೆ ಎರಡು ಬೇಕು, ಎರಡು ಮೂರು ಊರುಗಳಲ್ಲಿ ಬೇಕು.

ಈಗ 2022 ಮತ್ತು 2023 ನೆನಪಿಸಿಕೊಳ್ಳಿ. 2022ರಲ್ಲಿ ಮಳೆ ಸುರಿದೇ ಸುರಿಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ಎರಡು ವರ್ಷ ಪ್ರಯೋಗ ಹಾಕಿದ ವಿದ್ಯಾರ್ಥಿಯ ಕೈಯಲ್ಲಿ ಏನಿರುತ್ತದೆ? ಒಂದು ವರ್ಷ ನೀರು ನಿಂತ ತಾಕಿನ ಅಂಕಿ, ಇನ್ನೊಂದು ವರ್ಷ ಬಾಡಿದ ಪೈರಿನ ಅಂಕಿ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಪ್ರಾಮಾಣಿಕವಾಗಿ ಮಾಡಬೇಕಾದ್ದು ಒಂದೇ, ಮೂರನೇ ಹಂಗಾಮಿಗೆ ಕಾಯುವುದು. ಆದರೆ ಫೆಲೋಶಿಪ್ ಮುಗಿಯುತ್ತಾ ಬಂದಿದೆ, ಪೇಪರ್ ಇಲ್ಲದೆ ಥೀಸಿಸ್ ತೆಗೆದುಕೊಳ್ಳುವುದಿಲ್ಲ. ಆಗ ಚೆನ್ನಾಗಿ ಬಂದ ಒಂದು ಊರಿನ, ಒಂದು ವರ್ಷದ ಅಂಕಿಯನ್ನಷ್ಟೇ ಎತ್ತಿಕೊಂಡು ಪೇಪರ್ ಬರೆಯಲಾಗುತ್ತದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಕ್ಯೂಬ್ ಒಡೆಯಲು 90 ದಿನ ಕಾಯಬೇಕು ಎಂದು ಮೇಷ್ಟ್ರು ಹೇಳಿದರು. ಸರಿಯಾದ ಮಾತು. ಆದರೆ ಆ 90 ದಿನ ತೊಟ್ಟಿಯ ನೀರಿನಲ್ಲಿ ಕಳೆಯುತ್ತದೆ. ಅದಕ್ಕೆ ಮುಂಗಾರಿನ ಹಂಗಿಲ್ಲ. ಇನ್ನು ಮಾರ್ಕೆಟಿಂಗ್ ವಿಭಾಗದಲ್ಲಿ ಒಂದು ವಾರದಲ್ಲೇ ಮಾಹಿತಿ ಕೈಗೆ ಬರುವ ದಾರಿ ಇದೆ. ಗೂಗಲ್ ಫಾರ್ಮ್ ಮಾಡಿ, "ಸಿರಿಧಾನ್ಯ ಕೊಳ್ಳುವಾಗ ಪ್ಯಾಕಿಂಗ್ ನಿಮಗೆ ಮುಖ್ಯವೇ?" ಎಂದು ಕೇಳಿ, ಸಂಪೂರ್ಣ ಒಪ್ಪುತ್ತೇನೆ ಎಂಬಲ್ಲಿಂದ ಒಪ್ಪುವುದೇ ಇಲ್ಲ ಎಂಬಲ್ಲಿವರೆಗೆ ಐದು ಮನೆ ಕೊಟ್ಟು, ವಾಟ್ಸಾಪ್‌ಗೆ ಬಿಟ್ಟರೆ ಸಂಜೆಯೊಳಗೆ ಇನ್ನೂರು ಉತ್ತರ. ತುಂಬಿದವರು ಯಾರು? ಹಾಸ್ಟೆಲ್‌ನ ಗೆಳೆಯರು. ಮನೆಗೆ ರಾಗಿ ತಂದು ಗೊತ್ತಿಲ್ಲದವರು.

ನಿಜವಾದ ಮಾರ್ಕೆಟಿಂಗ್ ಸಂಶೋಧನೆ ಹೀಗಿರುವುದಿಲ್ಲ. ಮಂಡ್ಯದ ಕಡೆಯ ಮನೆಯಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ರಾಗಿ ಮೂಟೆಯಲ್ಲಿ ಕೂಡಿಡುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಒಂದು ಕಿಲೋ ಹಿಟ್ಟಿನ ಪ್ಯಾಕೆಟ್ ತರುತ್ತಾರೆ. ಮಗು ಹುಟ್ಟಿದ ಮನೆಯಲ್ಲಿ ರಾಗಿ ಸರಿಗೆ ಬೇರೆ ರಾಗಿ ಹುಡುಕುತ್ತಾರೆ. ಈ ಮೂರು ಮನೆಗಳ ಲೆಕ್ಕಾಚಾರ ಬೇರೆ ಬೇರೆ. ಅದನ್ನು ತಿಳಿಯಲು ಅಂಗಡಿಯಲ್ಲಿ ನಿಲ್ಲಬೇಕು, ತಿಂಗಳುಗಟ್ಟಲೆ ಬಿಲ್ ನೋಡಬೇಕು, ಅಡುಗೆಮನೆಗೆ ಹೋಗಿ ಕೇಳಬೇಕು. ಹಾಗೆ ಮಾಡುವ ವಿದ್ಯಾರ್ಥಿ ಹಿಂದೆ ಬೀಳುತ್ತಾನೆ, ಗೂಗಲ್ ಫಾರ್ಮ್ ಕಳಿಸಿದವನು ಮೊದಲು ಡಾಕ್ಟರ್ ಆಗುತ್ತಾನೆ. ಕಡ್ಡಾಯದ ನಿಯಮ ಈ ಇಬ್ಬರಲ್ಲಿ ಯಾರಿಗೆ ಶಾಬಾಸ್ ಹೇಳುತ್ತಿದೆ, ನೀವೇ ನೋಡಿ.

ಕೆಟ್ಟ ಜರ್ನಲ್ ಬೇರೆ, ಕಡ್ಡಾಯದ ನಿಯಮ ಬೇರೆ ಎಂದು ವಾದಿಸುವುದು ಸುಲಭ. ಆದರೆ ಆ ಜರ್ನಲ್‌ಗಳಿಗೆ ನಮ್ಮ ದೇಶದಲ್ಲಿ ಇಷ್ಟೊಂದು ಗಿರಾಕಿಗಳು ಸಿಕ್ಕಿದ್ದು ಕಡ್ಡಾಯದಿಂದಲೇ. ದೇಶದ ಪ್ರತಿ ಪಿಎಚ್‌ಡಿ ವಿದ್ಯಾರ್ಥಿಗೂ, ಬಡ್ತಿ ಬೇಕಾದ ಪ್ರತಿ ಮೇಷ್ಟ್ರಿಗೂ ಪೇಪರ್ ಬೇಕೇ ಬೇಕು ಎಂದಾಗ, ಅಷ್ಟು ಪೇಪರ್ ಓದಿ ತಿದ್ದುವ ಜನ ಎಲ್ಲಿದ್ದಾರೆ? ಇಲ್ಲ. ಆ ಜಾಗಕ್ಕೆ ಅಂಗಡಿಗಳು ಬಂದವು. ಎರಡು ಮೂರು ಸಾವಿರ ರೂಪಾಯಿ ಕೊಟ್ಟರೆ ವಾರದೊಳಗೆ ಪ್ರಕಟಣೆ, ಸರ್ಟಿಫಿಕೇಟ್ ಸಮೇತ. ಯುಜಿಸಿ 2017ರಲ್ಲಿ ಒಪ್ಪಿಗೆ ಪಡೆದ ಜರ್ನಲ್‌ಗಳ ಪಟ್ಟಿ ಮಾಡಿತು. ಪುಣೆಯ ಸಂಶೋಧಕರು ಆ ಪಟ್ಟಿಯನ್ನು ಜಾಲಾಡಿ 2018ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ್ದ ಜರ್ನಲ್‌ಗಳಲ್ಲಿ ಅವರು ಪರಿಶೀಲಿಸಿದವುಗಳ ಪೈಕಿ ಶೇ. 88ರಷ್ಟು ಕಳಪೆ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಬಂತು. ಅದನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು.

ಶಿಫಾರಸು ಮಾಡಿದ್ದು ವಿಶ್ವವಿದ್ಯಾಲಯಗಳು ಎಂಬುದನ್ನು ಗಮನಿಸಿ. ವಿಭಾಗಗಳೇ ಪಟ್ಟಿ ಮಾಡಿಕೊಳ್ಳಲಿ ಎಂಬ ಮೇಷ್ಟ್ರ ಸಲಹೆಯನ್ನು ನಾವು ಆಗಲೇ ಒಂದು ಸಲ ನೋಡಿ ಆಗಿದೆ.

ಹೊರದೇಶದ ದೊಡ್ಡ ಹೆಸರುಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ವೈಲಿ ಕಂಪನಿಯ ಒಡೆತನದ ಹಿಂದಾವಿ ಜರ್ನಲ್‌ಗಳು 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪೇಪರುಗಳನ್ನು ಹಿಂದಕ್ಕೆ ಪಡೆದವು. ಇವುಗಳಲ್ಲಿ ಎಷ್ಟೋ ಪೇಪರುಗಳು ಹಣ ಕೊಟ್ಟು ಬರೆಸಿದವು. ಪೇಪರಿಗೆ ನಗದು ಬಹುಮಾನ ಕೊಡುತ್ತಿದ್ದ ಚೀನಾ ಕೂಡ 2020ರಲ್ಲಿ ಆ ಪದ್ಧತಿ ನಿಲ್ಲಿಸಿ ಎಂದು ತನ್ನ ಸಂಸ್ಥೆಗಳಿಗೆ ಹೇಳಿತು.

ವ್ಯಾನ್‌ಸಿಂಕ್ ಕಥೆಯನ್ನು ನಾನು ಇನ್ನೊಂದು ತುದಿಯಿಂದ ಹೇಳುತ್ತೇನೆ. ಆ ಪಿಜ್ಜಾ ಪೇಪರುಗಳು ಹೇಗೆ ಹುಟ್ಟಿದವು ಎಂದು ಅವರೇ 2016ರಲ್ಲಿ ಬರೆದುಕೊಂಡಿದ್ದರು. ಪ್ರಯೋಗ ಕೈಕೊಟ್ಟಿತ್ತು, ಅಂದುಕೊಂಡ ಫಲಿತಾಂಶ ಬರಲಿಲ್ಲ. ಟರ್ಕಿಯಿಂದ ಬಂದಿದ್ದ ಸಂಬಳವಿಲ್ಲದ ವಿದ್ಯಾರ್ಥಿನಿಗೆ ಆ ಮಾಹಿತಿ ಕೊಟ್ಟು, ಇದರಲ್ಲಿ ಏನಾದರೂ ಸಿಗುತ್ತದಾ ನೋಡು ಎಂದರು. ಅವಳು ಪಟ್ಟು ಬಿಡದೆ ಜಾಲಾಡಿ ಪೇಪರ್ ತೆಗೆದಳು. ಅದೇ ಕೆಲಸ ಬೇಡ ಎಂದ ಇನ್ನೊಬ್ಬ ಸಂಶೋಧಕರಿಗಿಂತ ಅವಳನ್ನು ಹೊಗಳಿದರು. ಮಾಹಿತಿಯನ್ನು ಹತ್ತು ದಿಕ್ಕಿನಿಂದ ಹಿಂಡಿದರೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ, ಆಕಸ್ಮಿಕವಾಗಿಯಾದರೂ. ಪೇಪರ್ ಇಲ್ಲದಿದ್ದರೆ ಭವಿಷ್ಯವಿಲ್ಲ ಎಂದು ನಂಬಿದ ವಿದ್ಯಾರ್ಥಿ ಬೇರೇನು ಮಾಡಬೇಕಿತ್ತು? ವಿಮರ್ಶಕರು ಆ ನಾಲ್ಕೂ ಪೇಪರುಗಳನ್ನು ಪಾಸು ಮಾಡಿದ್ದರು ಎಂಬುದನ್ನೂ ಮರೆಯಬೇಡಿ. ತಪ್ಪು ಹಿಡಿದ ಮೂವರನ್ನು ಓದಿ ಅಂತ ಯಾರೂ ಕಡ್ಡಾಯ ಮಾಡಿರಲಿಲ್ಲ.

ಇನ್ನು ಕೆಲಸದ ಬೆಲೆಯ ಮಾತು. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗವನ್ನೇ ತಾನು ಹಿಡಿದುಕೊಳ್ಳುವಂಥದ್ದು. ಅದು ಅರಳುವುದೂ ನಸುಕಿನಲ್ಲಿ. ಅಂಥ ಹೂವಿಗೆ ಬೇರೆ ಗಿಡದ ಪರಾಗ ಸೇರಿಸುವುದು ಎಷ್ಟು ತಾಳ್ಮೆಯ ಕೆಲಸ ಅಂತ ತಾಕಿನಲ್ಲಿ ನಿಂತವರಿಗೇ ಗೊತ್ತು. ಕೂಡಿಸಿದ ಮೇಲೂ ಸಂತತಿಯ ಮೇಲೆ ಸಂತತಿ ಬೆಳೆದು ಆರಿಸಬೇಕು, ಅದಕ್ಕೆ ವರ್ಷಗಳು ಬೇಕು. ಆಮೇಲೆ ಬಂದ ಜಿಪಿಯು 28 ತಳಿಯ ತಂದೆತಾಯಿಯ ಪಟ್ಟಿಯಲ್ಲಿ ಇಂಡಾಫ್ 5 ಮತ್ತು ಇಂಡಾಫ್ 9 ಎರಡೂ ಇವೆ. ಬೆಂಕಿ ರೋಗ ತಡೆಯುವ ಜಿಪಿಯು 28 ಅನ್ನು ನಮ್ಮ ರೈತರು ಇಂದಿಗೂ ಕೇಳಿ ಒಯ್ಯುತ್ತಾರೆ. ಲಕ್ಷ್ಮಣಯ್ಯನವರು ಎಷ್ಟು ಪೇಪರ್ ಬರೆದರು ಎಂದು ಯಾವ ರೈತರೂ ಕೇಳಿಲ್ಲ.

ಇಂಜಿನಿಯರಿಂಗ್‌ನಲ್ಲೂ ಅಷ್ಟೇ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ಗುಂಪು ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ ಕೂತರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ, ಇವೆಲ್ಲ ಅಲ್ಲಿಂದ ಬಂದವು. ಆ ಗುಂಪಿನ ಕೆ.ಎಸ್. ಜಗದೀಶ್ ಅವರ ಮಣ್ಣಿನ ಇಟ್ಟಿಗೆ ಕೆಲಸದಿಂದ ಎದ್ದ ಮನೆಗಳು ಬೆಂಗಳೂರಿನಲ್ಲಿ ಈಗಲೂ ಇವೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ರಾಗಿಯ ಸಿಪ್ಪೆ ಬಿಡಿಸುವ ವಿಧಾನ ಕಂಡುಹಿಡಿದರು. ರಾಗಿ ಕಾಳಿನ ಒಳಭಾಗ ಮೆತ್ತಗೆ, ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಉಜ್ಜಿದರೆ ಪುಡಿಯಾಗುತ್ತದೆ. ಅದನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಗಟ್ಟಿ ಮಾಡಿದರೆ ಸಿಪ್ಪೆ ತೆಗೆಯಬಹುದು. ಆಗ ರಾಗಿಯನ್ನು ಅಕ್ಕಿಯಂತೆ ಅನ್ನ ಮಾಡಬಹುದು. ಇದಕ್ಕೆ ಪೇಟೆಂಟ್ ಸಿಕ್ಕಿದೆ. ನಮ್ಮ ಕಡ್ಡಾಯದ ನಿಯಮ ಕೇಳಿದ್ದು ಮಾತ್ರ ಜರ್ನಲ್ ಪೇಪರ್. ತಳಿ, ಯಂತ್ರ, ಪೇಟೆಂಟ್ ಯಾವುದೂ ಅದರ ಬದಲಿಗೆ ನಡೆಯುತ್ತಿರಲಿಲ್ಲ.

ಇವರೆಲ್ಲ ವಿದ್ಯಾರ್ಥಿಗಳಾಗಿರಲಿಲ್ಲವಲ್ಲ ಎನ್ನಬಹುದು. ಸರಿ. ಆದರೆ ಯಾವುದು ದೊಡ್ಡ ಕೆಲಸ ಎಂಬುದನ್ನು ಮನುಷ್ಯ ಕಲಿಯುವುದು ವಿದ್ಯಾರ್ಥಿಯಾಗಿದ್ದಾಗಲೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಲ್ಲಿ ಶುರುವಾದ ಒಣಭೂಮಿ ರಾಗಿಯ ಗೊಬ್ಬರ ಪ್ರಯೋಗ ದಶಕಗಳ ಕಾಲ ನಡೆದಿದೆ. ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣು, ಬರೀ ರಾಸಾಯನಿಕ ಹಾಕಿದ ಮಣ್ಣು ವರ್ಷಗಳಾದ ಮೇಲೆ ಏನಾಗುತ್ತದೆ ಎಂಬುದು ಇಂಥ ಪ್ರಯೋಗದಿಂದ ಮಾತ್ರ ತಿಳಿಯುತ್ತದೆ. ಬೇಗ ಪೇಪರ್ ಆಗುವ ವಿಷಯವನ್ನೇ ಆರಿಸಿಕೊಳ್ಳಲು ಕಲಿತ ಪೀಳಿಗೆ ಇಂಥ ತಾಕನ್ನು ಕಾಯುತ್ತಾ ಕೂರುತ್ತದೆಯೇ?

ಸಣ್ಣ ಊರಿನ ಹುಡುಗಿಯ ಬಗ್ಗೆ ಮೇಷ್ಟ್ರು ಹೇಳಿದ್ದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವರ ಕಾಳಜಿ ನಿಜವಾದದ್ದು. ಆದರೆ ಅಂಗಡಿ ಜರ್ನಲ್‌ಗೆ ಮೊದಲು ಸಿಕ್ಕಿಬೀಳುವವಳು ಅವಳೇ. ಒಳ್ಳೆಯ ಜರ್ನಲ್ ಯಾವುದು ಎಂದು ಹೇಳುವವರು ಅವಳ ಸುತ್ತ ಕಡಿಮೆ. ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅವಳಿಗೆ ಬಹುಶಃ ಅದೂ ಇಲ್ಲ, ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ ಓದುತ್ತಿರುತ್ತಾಳೆ. ಇಂಗ್ಲಿಷ್ ತಿದ್ದಿಸಲು ದುಡ್ಡು, ಜರ್ನಲ್‌ಗೆ ದುಡ್ಡು, ಸಮ್ಮೇಳನದ ನೋಂದಣಿಗೆ ದುಡ್ಡು. ಆಮೇಲೆ ಆ ಜರ್ನಲ್ ಪಟ್ಟಿಯಿಂದ ಹೋದರೆ ಅವಳ ಪೇಪರಿಗೆ ಬೆಲೆಯೇ ಇಲ್ಲ. ಮೋಸ ಮಾಡಿದವರಿಗೆ ಏನೂ ಆಗುವುದಿಲ್ಲ, ಕಳಂಕ ಮಾತ್ರ ಅವಳ ಹೆಸರಿಗೆ.

ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪಿ. ಬಲರಾಂ ಅನೇಕ ವರ್ಷ ಕರೆಂಟ್ ಸೈನ್ಸ್ ಸಂಪಾದಕರಾಗಿದ್ದವರು. ಪೇಪರ್ ಬೇಡ ಎನ್ನುವ ಮನುಷ್ಯ ಅಲ್ಲ. ಅವರ ನೇತೃತ್ವದ ಸಮಿತಿಯೇ 2019ರಲ್ಲಿ ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಬೇಡ ಎಂದು ಯುಜಿಸಿಗೆ ಹೇಳಿತು. ಯುಜಿಸಿ 2,573 ಸಂಶೋಧನಾ ವಿದ್ಯಾರ್ಥಿಗಳ ಮಾಹಿತಿ ನೋಡಿದಾಗಲೂ, ಸುಮಾರು ಶೇ. 75ರಷ್ಟು ಪ್ರಕಟಣೆಗಳು ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಜರ್ನಲ್‌ಗಳಲ್ಲಿ ಇರಲಿಲ್ಲ ಎಂದು ಅದರ ಅಧ್ಯಕ್ಷರು 2022ರಲ್ಲಿ ತಿಳಿಸಿದರು. ಕಡ್ಡಾಯದಿಂದ ಗುಣಮಟ್ಟ ಬರಲಿಲ್ಲ ಎಂದು ಕಡ್ಡಾಯ ಮಾಡಿದವರೇ ಒಪ್ಪಿಕೊಂಡಂತಾಯಿತು.

ಹಾಗಾದರೆ ಪರಿಚಯವಿಲ್ಲದವರ ಕಣ್ಣು ಎಲ್ಲಿಂದ ತರುವುದು? ಪರೀಕ್ಷಕರ ಹೆಸರನ್ನು ಗೈಡ್ ಕೊಡುವ ಪದ್ಧತಿ ನಿಲ್ಲಿಸಿ. ವಿಷಯಕ್ಕೆ ತಕ್ಕ ದೊಡ್ಡ ಪಟ್ಟಿಯಿಂದ ವಿಶ್ವವಿದ್ಯಾಲಯ ಚೀಟಿ ಎತ್ತಿ ಆರಿಸಲಿ. ಪರೀಕ್ಷಕರ ವರದಿಯನ್ನು ಥೀಸಿಸ್ ಜೊತೆಗೇ ಶೋಧಗಂಗಾ ಎಂಬ ಥೀಸಿಸ್‌ಗಳ ಆನ್‌ಲೈನ್ ಭಂಡಾರದಲ್ಲಿ ಹಾಕಿ, ಯಾರು ಏನು ಕೇಳಿದರು ಎಂದು ಲೋಕ ಓದಲಿ. ಮೂಲ ಅಂಕಿಗಳನ್ನೂ ಹಾಕಿ. ತಾಕಿನ ನಕ್ಷೆ, ಮಳೆಯ ಲೆಕ್ಕ, ಒಡೆದ ಕ್ಯೂಬುಗಳ ಬಲ, ಪ್ರಶ್ನಾವಳಿಗೆ ಬಂದ ಒಂದೊಂದು ಉತ್ತರ ಎಲ್ಲವೂ ಇರಲಿ. ಸರಾಸರಿ 3.45 ಎಲ್ಲಿಂದ ಬಂತು ಎಂದು ಯಾರು ಬೇಕಾದರೂ ಲೆಕ್ಕ ಹಾಕಿ ನೋಡಬಹುದು. ಫಲ ಕೊಡದ ಪ್ರಯೋಗವೂ ಅಲ್ಲೇ ಇರುತ್ತದೆ, ಮುಂದಿನ ವಿದ್ಯಾರ್ಥಿ ಅದೇ ಗುಂಡಿಗೆ ಬೀಳುವುದಿಲ್ಲ. ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ, ಹೆಸರಿಗೆ ಮಾತ್ರ ಸಾರ್ವಜನಿಕ ಆಗಿದೆ, ಬಾಗಿಲು ಹಾಕಿದ ಕೋಣೆಯಲ್ಲಿ ಹತ್ತು ಜನ ಕೂತು ಮುಗಿಸುತ್ತಾರೆ. ಬೆಳೆ ವಿಜ್ಞಾನದ ವೈವಾಕ್ಕೆ ಆ ಬೆಳೆ ಬೆಳೆಯುವ ರೈತರನ್ನು ಕರೆಯಿರಿ, ಕನ್ನಡದಲ್ಲಿ ಪ್ರಶ್ನೆ ಕೇಳಲು ಬಿಡಿ. ಮಣ್ಣಿನ ಇಟ್ಟಿಗೆಯ ವೈವಾಕ್ಕೆ ಮೇಸ್ತ್ರಿ ಬರಲಿ. ಸಿರಿಧಾನ್ಯ ಮಾರಾಟದ ವೈವಾಕ್ಕೆ ಅಂಗಡಿಯವರು ಬರಲಿ.

ಪೇಪರ್ ಬರೆಯುವವರು ಬರೆಯಲಿ, ಚೆನ್ನಾಗಿ ಬರೆದವರಿಗೆ ಅದರ ಗೌರವ ಸಿಗಲಿ. ವಿದ್ಯಾರ್ಥಿಯ ಪೇಪರಿನಲ್ಲಿ ತಮ್ಮ ಹೆಸರು ಸೇರಿಸಿ ಬಡ್ತಿಗೆ ಅಂಕ ಹಾಕಿಕೊಳ್ಳುವ ಗೈಡ್‌ಗಳ ದಾರಿಯನ್ನು ಮಾತ್ರ ಮೊದಲು ಮುಚ್ಚಬೇಕು. ಕಡ್ಡಾಯ ಹೋದರೂ ಆ ದಾರಿ ತೆರೆದಿದ್ದರೆ "ಪೇಪರ್ ಆಯ್ತಾ?" ಎನ್ನುವ ಒತ್ತಡ ವಿದ್ಯಾರ್ಥಿಯ ತಲೆಯಿಂದ ಇಳಿಯುವುದಿಲ್ಲ.